ಹನ್ನೆರಡು ಇಂಚಿನ ಚಕ್ರಕ್ಕೆ ಹದಿನಾರು ಸಲಹೆ

ಈಚೆಗೆ ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ನೋಯ್ಡಾದ ಒಂದು ಟೈರ್ ಅಂಗಡಿಯ ಮುಂದೆ ನಿಂತು ಕಿರುಚಾಡಿದೆ. ಸುಮ್ಮನೆ ದನಿ ಏರಿಸಿದ್ದಲ್ಲ. ಪಕ್ಕದ ಜ್ಯೂಸ್ ಅಂಗಡಿಯವನು ಮಿಕ್ಸಿ ನಿಲ್ಲಿಸಿ ನೋಡುವಷ್ಟು ಕಿರುಚಾಡಿದೆ. ಎಂಟನೇ ಕ್ಲಾಸಿಗೆ ಸೈನ್ಸ್ ಹೇಳಿಕೊಡುವ, ಪೇರೆಂಟ್ಸ್ ಮೀಟಿಂಗಿನಲ್ಲಿ ‘ದಯವಿಟ್ಟು ಸಮಾಧಾನವಾಗಿ ಮಾತಾಡಿ’ ಎಂದು ಮಂದಿಗೆ ಬುದ್ಧಿ ಹೇಳುವ ಹೆಂಗಸು ನಾನು.

ಅಂಗಡಿಯ ಮಾಲೀಕ ನನ್ನ ದೂರನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು, ‘ಮೇಡಂಜೀ, ಆಪ್ ಸಾಬ್ ಸೇ ಬಾತ್ ಕರಾ ದೀಜಿಯೇ’ ಎಂದ. ಸಾಹೇಬರ ಹತ್ತಿರ ಮಾತಾಡಿಸಬೇಕಂತೆ! ನಮ್ಮ ಸಾಹೇಬರಿಗೆ ಗಾಡಿ ಓಡಿಸೋಕೇ ಬರೋದಿಲ್ಲ. ಪಿತ್ತ ನೆತ್ತಿಗೇರದೆ ಇನ್ನೇನಾದೀತು?

ಮೊದಲಿಂದ ಹೇಳುತ್ತೇನೆ, ಕೇಳಿ.

ನಮ್ಮ ಹತ್ತಿರ ಒಂದು ಹಳೇ ಬಿಳಿ ವ್ಯಾನಿದೆ. ಹನ್ನೆರಡು ವರ್ಷದ್ದು. (ಬಿಳಿ ಅಂದದ್ದು ಆರ್.ಸಿ. ಬುಕ್ಕಿನ ಪ್ರಕಾರ.) ಅದನ್ನು ಓಡಿಸುವವಳು ನಾನೊಬ್ಬಳೇ. ನಾನು ಪಾಠ ಮಾಡುವ ಶಾಲೆ ಗ್ರೇಟರ್ ನೋಯ್ಡಾ ಕಡೆಗಿದೆ. ದಿನಾ ಬೆಳಿಗ್ಗೆ ಆರೂ ಮುಕ್ಕಾಲಿಗೆ ಹೊರಡುತ್ತೇನೆ. ಮಗಳು ಅದಿತಿ, ಜೊತೆಗೆ ನಮ್ಮ ಸೊಸೈಟಿಯ ಇನ್ನೂ ಆರು ಮಕ್ಕಳು, ಅವರ ಏಳು ಬ್ಯಾಗು, ಏಳು ನೀರಿನ ಬಾಟಲಿ. ಎಕ್ಸ್‌ಪ್ರೆಸ್‌ವೇ ಮೇಲೆ ಹೋಗಿ ಬರುವುದು. ನಾಲ್ಕು ವರ್ಷದಿಂದ ಇದೇ ನಡೆದಿದೆ.

ಆ ಹೊತ್ತಿಗೆ ನಮ್ಮವರು ಬಚ್ಚಲಲ್ಲಿರುತ್ತಾರೆ. ಅವರು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಎಂಟೂಕಾಲಿಗೆ ಚಾರ್ಟರ್ಡ್ ಬಸ್ಸು. ಬಸ್ಸಿನಲ್ಲಿ ಅವರದೇ ಸೀಟು, ಅವರದೇ ಇಸ್ಪೀಟು ಬಳಗ.

ಕಳೆದ ತಿಂಗಳು ಒಂದು ಪಂಕ್ಚರ್ ಆಯಿತು. ಎಕ್ಸ್‌ಪ್ರೆಸ್‌ವೇಗೆ ತಿರುಗುವ ಗೋಲ್ ಚಕ್ಕರ್, ಅಂದರೆ ಸರ್ಕಲ್ಲಿನ, ಹತ್ತಿರ ರಶೀದ್ ಭಾಯಿಯ ಪಂಕ್ಚರ್ ಗೂಡಂಗಡಿಯಿದೆ. ಚಕ್ರ ಬಿಚ್ಚಿದವನು ಟೈರಿನ ಮೇಲೆ ಅಂಗೈ ಸವರಿ ತಲೆ ಅಲ್ಲಾಡಿಸಿದ. ‘ಮೇಡಂ, ಯೇ ತೋ ಗಂಜಾ ಹೋ ಗಯಾ.’ ಬೋಳು! ನಾಲ್ಕೂ ಬೋಳು. ಒಂದರ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಬೇರೆ ಎದ್ದಿತ್ತು.

ಸರಿ, ಹೊಸ ಟೈರ್ ಹಾಕಿಸಿದರೆ ಆಯಿತು, ಅದೇನು ಮಹಾ ಅಂದುಕೊಂಡೆ. ಅಂಗಡಿಗೆ ಹೋದರೆ, ನಮ್ಮ ವ್ಯಾನಿನ ಸೈಜೇ ಸ್ಟಾಕಿನಲ್ಲಿಲ್ಲ. ‘ವೋ ಸೈಜ್ ಅಬ್ ಕೌನ್ ಲೇತಾ ಹೈ ಮೇಡಂ?’ ಆ ಸೈಜನ್ನು ಈಗ ಯಾರೂ ಕೊಳ್ಳುವುದಿಲ್ಲವಂತೆ. ಆರ್ಡರ್ ಕೊಟ್ಟರೆ ಎರಡು ವಾರ ಬೇಕಂತೆ. ಬದಲಿಗೆ ಅದೇ ಹನ್ನೆರಡು ಇಂಚಿನ ರಿಮ್ಮಿಗೆ ಕೂರುವ ಬೇರೆ ಸೈಜುಗಳಿವೆ, ಆರಿಸಿಕೊಳ್ಳಿ ಎಂದ. ಒಂದು ಅಗಲ, ಒಂದು ಕುಳ್ಳು, ಇನ್ನೊಂದು ಅದೂ ಅಲ್ಲ ಇದೂ ಅಲ್ಲ.

ನಾನು ಮಾಡಿದ ತಪ್ಪು ಏನು ಗೊತ್ತೇ? ಇದನ್ನು ಮನೆಯಲ್ಲಿ ಬಾಯಿಬಿಟ್ಟೆ.

‘ರೀ, ಯಾವುದು ಹಾಕಿಸಲಿ? ಮಕ್ಕಳು ಕೂತಿರ್ತಾರೆ, ಗಟ್ಟಿ ಇರೋದು ಬೇಕು’ ಎಂದೆ.

‘ಅವಸರ ಮಾಡ್ಬೇಡ. ಇದನ್ನ ಪ್ರಾಪರ್ ಆಗಿ ಎಕ್ಸಾಮಿನ್ ಮಾಡೋಣ’ ಎಂದರು ನಮ್ಮವರು. ಮರುದಿನ ನೋಡುತ್ತೇನೆ, ಟೈರಿಗೆ ಒಂದು ಫೈಲು ಹುಟ್ಟಿದೆ! ಹಸಿರು ರಟ್ಟು, ಬಿಳಿ ದಾರ, ಮೇಲೆ ದುಂಡಗಿನ ಅಕ್ಷರದಲ್ಲಿ ವಿಷಯ. ಒಳಗೆ ತುಲನಾ ಪಟ್ಟಿ. ನಗಬೇಡಿ. ಸರ್ಕಾರಿ ನೌಕರರನ್ನು ಕಟ್ಟಿಕೊಂಡವರಿಗೆ ಇದೆಲ್ಲ ಗೊತ್ತಿರುತ್ತದೆ. ನಮ್ಮ ಮನೆಗೆ ಪ್ರೆಶರ್ ಕುಕ್ಕರ್ ಬಂದದ್ದೂ ಹೀಗೇ, ಮೂರು ಕಡೆಯ ಕೊಟೇಶನ್ ಮೇಲೆ.

ಫೈಲು ಅಂದಮೇಲೆ ಅಭಿಪ್ರಾಯ ಸಂಗ್ರಹ ಆಗಲೇಬೇಕಲ್ಲ? ಅದು ಚಾರ್ಟರ್ಡ್ ಬಸ್ಸಿನಲ್ಲಿ ಊರು ಸುತ್ತಿತು. ಇಸ್ಪೀಟು ಆಡುವವರೆಲ್ಲ ಒಂದೊಂದು ಮಾತು ಸೇರಿಸಿದರು. ಒಬ್ಬರು, ಟೈರು ಕುಳ್ಳಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ ಎಂದರು. ಇನ್ನೊಬ್ಬರು, ಟ್ಯೂಬ್‌ಲೆಸ್ ಇಲ್ಲದೆ ಬದುಕೇ ಇಲ್ಲ ಎಂದರು. ಒಬ್ಬ ಮಹಾನುಭಾವರು ವ್ಯಾನನ್ನೇ ಮಾರಿಬಿಡಿ ಎಂದು ಬರೆದಿದ್ದರು. (ಅವರು ಫೈನಾನ್ಸ್ ವಿಭಾಗದವರಂತೆ.) ಕೆಳಗಿನ ಫ್ಲ್ಯಾಟಿನ ಮಾಥುರ್ ಅಂಕಲ್, ರಿಟೈರ್ಡ್ ಇಂಜಿನಿಯರ್, ಮೆಟ್ಟಿಲಲ್ಲೇ ನನ್ನನ್ನು ತಡೆದು ‘ಬೇಟಾ, ಚೌಡಾ ಟೈರ್ ಲಗಾಓ, ಗ್ರಿಪ್ ಭೀ, ಶಾನ್ ಭೀ’ ಎಂದರು. ಅಗಲದ್ದು ಹಾಕಿಸಿದರೆ ಹಿಡಿತವೂ ಉಂಟು, ಠೀವಿಯೂ ಉಂಟಂತೆ. ಅವರು ಇಂಜಿನಿಯರ್ ಆಗಿದ್ದದ್ದು ನೀರು ಸರಬರಾಜಿನಲ್ಲಿ.

ಎಣಿಸಿದೆ. ಒಟ್ಟು ಹದಿನಾರು ಸಲಹೆ. ಹದಿನಾರು ಜನರಲ್ಲಿ ನಮ್ಮ ವ್ಯಾನಿನ ಒಳಗೆ ಕೂತವರು ಒಬ್ಬರೂ ಇಲ್ಲ.

ಎರಡನೇ ವಾರವೂ ಮುಗಿಯುತ್ತಾ ಬಂತು. ಅಷ್ಟರಲ್ಲಿ ಆರ್ಡರ್ ಕೊಟ್ಟಿದ್ದರೆ ಅಸಲಿ ಟೈರೇ ಬಂದಿರುತ್ತಿತ್ತು! ನಾನು ಬೋಳು ಟೈರಿನಲ್ಲಿ ದೇವರ ಮೇಲೆ ಭಾರ ಹಾಕಿ ನಲವತ್ತರ ಸ್ಪೀಡಿನಲ್ಲಿ ಹೋಗಿಬರುತ್ತಿದ್ದೆ. ಹಿಂದಿನಿಂದ ಟ್ರಕ್ಕಿನವರು ಹಾರ್ನ್ ಹೊಡೆದು ಹೊಡೆದು ಬೈಯುತ್ತಿದ್ದರು. ‘ರೀ, ಮಕ್ಕಳ ವಿಷಯ ನೋಡಿದ್ರಾ?’ ಎಂದು ಕೇಳಿದಾಗಲೆಲ್ಲ ‘ಎಲ್ಲಾದಕ್ಕೂ ಕಾಲಂ ಇದೆ’ ಎಂಬ ಉತ್ತರ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದು ನಾನೇ.

ಕೊನೆಗೊಂದು ಶುಕ್ರವಾರ ಸಂಜೆ ಫೈಲು ನನ್ನ ಮುಂದೆ ಬಂತು. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ‘ಬಳಕೆದಾರರ ಸಮ್ಮತಿ, ಇಲ್ಲೊಂದು ಸೈನ್ ಹಾಕು’ ಎಂದರು. ಹಾಕಿದೆ. ಓದಲಿಲ್ಲ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ವರ್ಷಕ್ಕೆ ನೂರು ಸಲ ಮಕ್ಕಳಿಗೆ ಹೇಳುವ ಟೀಚರು, ಹಸಿ ಕೈಯಲ್ಲೇ ಸೈನ್ ಹಾಕಿದೆ.

ಶನಿವಾರ ನಮ್ಮವರು ಖುದ್ದಾಗಿ ಅಂಗಡಿಗೆ ಬಂದರು. ಬೋಳು ಟೈರುಗಳು ಹೋಗಿ ಅಗಲದ ಟೈರು ಕೂತವು. ನೋಡಲು ಚೆನ್ನಾಗೇ ಇತ್ತು, ಸುಳ್ಳೇಕೆ ಹೇಳಲಿ? ಮಾಥುರ್ ಅಂಕಲ್ ಬಾಲ್ಕನಿಯಿಂದ ಹೆಬ್ಬೆರಳು ಎತ್ತಿ ತೋರಿಸಿದರು.

ಸೋಮವಾರ ಬೆಳಿಗ್ಗೆ ಏಳೂ ಮಕ್ಕಳು ಹತ್ತಿದರು. ಸೊಸೈಟಿ ಗೇಟಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಕರ್‌ರ್‌ರ್ ಎಂದು ಎಲ್ಲೋ ಉಜ್ಜಿದ ಸದ್ದು. ‘ಆಂಟೀ, ಗಾಡಿ ರೋ ರಹೀ ಹೈ’ ಎಂದಿತು ಹಿಂದಿನ ಸೀಟಿನ ಒಂದು ಪುಟಾಣಿ. ಗಾಡಿ ಅಳುತ್ತಿದೆಯಂತೆ! ನೇರ ರಸ್ತೆಯಲ್ಲಿ ಸದ್ದು ನಿಂತಿತು. ಆದರೆ ಹಿಂಬದಿ ಯಾಕೋ ತೇಲಿದ ಹಾಗೆ, ಒಂದು ಕಡೆಗೆ ವಾಲಿದ ಹಾಗೆ. ಎಕ್ಸ್‌ಪ್ರೆಸ್‌ವೇ ಇನ್ನೂರು ಗಜ ದೂರದಲ್ಲಿತ್ತು. ಹೋಗಲೇ, ಬೇಡವೇ? ರಶೀದ್ ಭಾಯಿಯ ಅಂಗಡಿ ಕಂಡಿತು. ನಿಲ್ಲಿಸಿಬಿಟ್ಟೆ.

ರಶೀದ್ ಭಾಯಿ ಟೈರನ್ನು ಆಮೇಲೆ ನೋಡಿದ. ಮೊದಲು ಕಿಟಕಿಯಿಂದ ಒಳಗೆ ಇಣುಕಿ ಬೆರಳು ಮಡಿಸಿ ಎಣಿಸಿದ. ‘ಸಾತ್ ಬಚ್ಚೇ, ಏಕ್ ಆಪ್. ಆಠ್. ಊಪರ್ ಸೇ ಬಸ್ತೇ.’ ಎಂಟು ಜನ, ಮೇಲೆ ಬ್ಯಾಗುಗಳು ಬೇರೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಟೈರಿನ ಪಕ್ಕೆಯ ಮೇಲಿದ್ದ ಒಂದು ಸಣ್ಣ ನಂಬರನ್ನು ಉಗುರಿನಿಂದ ತೋರಿಸಿದ. ಎಪ್ಪತ್ತೇಳು. ನಿಮ್ಮ ಹಳೇ ಟೈರಿನ ಮೇಲೆ ಎಂಬತ್ತಾರು ಇತ್ತು ಎಂದ. ಆ ನಂಬರು ಹೇಳುವುದು ಟೈರು ಎಷ್ಟು ಭಾರ ತಡೆಯುತ್ತದೆ ಅಂತ. ಹಳೆಯದು ಸಾಮಾನು ಹೊರುವ ಗಾಡಿಗೆ ಮಾಡಿದ್ದು, ಒಂದೊಂದು ಐನೂರು ಕಿಲೋ ದಾಟಿ ತಡೆಯುತ್ತಿತ್ತು. ಇದು ಸಣ್ಣ ಕಾರಿನದು, ನಾನೂರು ದಾಟಿದರೆ ಉಸ್ಸಪ್ಪಾ. ನೋಡಲು ಮಾತ್ರ ದಪ್ಪ.

‘ಖಾಲೀ ಗಾಡಿ ಮೇಂ ಚಲೇಗಾ. ಬಚ್ಚೋಂ ಕೇ ಸಾಥ್ ಎಕ್ಸ್‌ಪ್ರೆಸ್‌ವೇ ಪರ್ ಮತ್ ಜಾನಾ ಮೇಡಂ’ ಎಂದ. ಖಾಲಿ ಗಾಡಿಗಾದರೆ ಸರಿ, ಮಕ್ಕಳನ್ನು ಕೂರಿಸಿಕೊಂಡು ಹೋಗಬೇಡಿ ಅಂತ.

ಆ ಮಕ್ಕಳ ಅಮ್ಮಂದಿರು ಬೆಳಿಗ್ಗೆ ನಿದ್ದೆಗಣ್ಣಲ್ಲಿ ಟಾಟಾ ಮಾಡಿ ಹೋಗಿದ್ದರು. ನಾನಿದ್ದೇನೆ ಅಂತ ತಾನೇ? ಶಾಲೆಗೆ ಫೋನು ಮಾಡಿ, ನನಗೆ ರಜೆ ಹೇಳಿ, ಹತ್ತಿರದಲ್ಲಿದ್ದ ಸ್ಕೂಲ್ ಬಸ್ಸನ್ನು ತಿರುಗಿಸಿ ಕರೆಸಿ, ಏಳು ಜನರನ್ನೂ ಹತ್ತಿಸಿ ಕಳಿಸಿದೆ. ಟೈರ್ ಅಂಗಡಿ ಬಾಗಿಲು ತೆಗೆಯುವವರೆಗೆ ಕಾದೆ. ಕಿರುಚಾಡಿದೆ. ಅದನ್ನು ಆಗಲೇ ಹೇಳಿದ್ದೇನೆ.

ಆದರೆ ಒಂದು ಹೇಳಿರಲಿಲ್ಲ. ಸಾಹೇಬರ ಹತ್ತಿರ ಮಾತಾಡಿಸಿ ಎಂದ ಮಾಲೀಕ, ನಾನು ಇನ್ನೂ ಜೋರು ಮಾಡಿದಾಗ ಗಲ್ಲಾಪೆಟ್ಟಿಗೆಯಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟ. ನಮ್ಮವರ ತುಲನಾ ಪಟ್ಟಿಯ ಜೆರಾಕ್ಸ್. ಹನ್ನೊಂದು ಕಾಲಂ ಇದ್ದವು. ಅಗಲ, ಎತ್ತರ, ಸ್ಪೀಡೋಮೀಟರ್ ವ್ಯತ್ಯಾಸ, ಮೈಲೇಜು, ಗ್ಯಾರಂಟಿ... ‘ನೋಟ’ ಅನ್ನುವುದಕ್ಕೂ ಒಂದು ಕಾಲಂ. ಭಾರಕ್ಕೆ ಇರಲಿಲ್ಲ. ತುದಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು: ಬಳಕೆ, ಗೃಹ ಸಂಬಂಧಿ, ಲೈಟ್. ಹಗುರ ಅಂತೆ! ಅದರ ಕೆಳಗೆ, ಹುರುಳಿಕಾಯಿ ನೀರಿನ ಕಲೆಯ ಸಮೇತ, ನನ್ನ ಸೈನು.

‘ಸಾಬ್ ನೇ ಲಿಖ್ ಕೇ ದಿಯಾ ಥಾ’ ಎಂದ ಮಾಲೀಕ, ಪಾಪ ಮೆಲ್ಲಗೇ. ಸಾಹೇಬರು ಬರೆದುಕೊಟ್ಟಂತೆ ಅವನು ಹಾಕಿದ್ದ, ಅಷ್ಟೇ. ಹಳೇ ಸೈಜಿಗೆ ಆರ್ಡರ್ ಕೊಟ್ಟು, ಸುಮ್ಮನೆ ಮನೆಗೆ ಬಂದೆ.

ಸಂಜೆ ಚಾರ್ಟರ್ಡ್ ಬಸ್ಸು ಇಳಿದು ಬಂದವರಿಗೆ ಕಾಫಿಯನ್ನೂ ಕೊಡದೆ ಕೇಳಿದೆ. ‘ಲೈಟ್ ಅಂತ ಯಾಕ್ರೀ ಬರೆದ್ರಿ?’

‘ಮತ್ತೇನು? ನೀನು, ಅದಿತಿ, ಇನ್ನೊಂದೆರಡು ಮಕ್ಕಳು...’

‘ಏಳು.’

‘ಏಳಾ?’ ಎಂದರು. ನಿಜವಾಗಿಯೂ ಆಶ್ಚರ್ಯಪಟ್ಟರು. ‘ಏಳು ಮಕ್ಕಳು ಅಂತ ನಂಗೇನು ಗೊತ್ತು?’

ನಾಲ್ಕು ವರ್ಷ! ನಾಲ್ಕು ವರ್ಷದಿಂದ ದಿನಾ ಇವರ ಮೂಗಿನ ಕೆಳಗಿಂದಲೇ ಏಳು ಮಕ್ಕಳು ಹೋಗಿ ಬಂದಿವೆ. ನನಗೆ ಸಿಟ್ಟು ಬರಲಿಲ್ಲ. ಅಳು ಬಂತು. ‘ಎಕ್ಸ್‌ಪ್ರೆಸ್‌ವೇ ಮೇಲೆ ಟೈರು ಒಡೆದಿದ್ರೆ? ನಾನು ಆ ತಾಯಂದಿರಿಗೆ ನಿಮ್ಮ ಫೈಲು ತೋರಿಸಬೇಕಿತ್ತಾ?’ ಎಂದೆ. ಅವರು ತಾವೇ ಒಳಗೆ ಹೋಗಿ ಕಾಫಿ ಮಾಡಿ ನನಗೂ ಒಂದು ಲೋಟ ತಂದಿಟ್ಟರು. ಸಕ್ಕರೆ ಹಾಕುವುದು ಮರೆತಿದ್ದರು. ಹಾಗೇ ಕುಡಿದೆ.

ನಮ್ಮವರೊಬ್ಬರನ್ನೇ ಬೈದು ಏನು ಪ್ರಯೋಜನ ಹೇಳಿ? ನಮ್ಮಲ್ಲಿ ಎಲ್ಲವೂ ಹೀಗೇ ತಾನೇ ತೀರ್ಮಾನವಾಗುವುದು? ಅಡುಗೆಮನೆಯ ಕಟ್ಟೆಯ ಎತ್ತರವನ್ನು ಒಂದು ದಿನವೂ ಒಗ್ಗರಣೆ ಹಾಕದವರು ಗೊತ್ತುಮಾಡುತ್ತಾರೆ. ಬಸ್ ಸ್ಟಾಪು ಎಲ್ಲಿರಬೇಕೆಂದು ಕಾರಿನಲ್ಲಿ ಓಡಾಡುವವರು ಗುರುತು ಹಾಕುತ್ತಾರೆ. ಯಾರಿಗೆ ಗೊತ್ತಿದೆಯೋ ಅವರನ್ನು ಕೊನೆಯಲ್ಲಿ ಕರೆದು ಸೈನ್ ಮಾತ್ರ ಹಾಕಿಸಿಕೊಳ್ಳುತ್ತಾರೆ. ಶಂಖದಿಂದ ಬಂದರೇ ತೀರ್ಥ. ಮತ್ತು ನಾವು, ನನ್ನಂಥವರು, ಓದದೆ ಸೈನ್ ಹಾಕುತ್ತೇವೆ. ಆ ಪಾಪದಲ್ಲಿ ನನ್ನ ಪಾಲೂ ಇದೆ.

ಎರಡು ವಾರಕ್ಕೆ ಸರಿಯಾದ ಟೈರು ಬಂತು. ಅಷ್ಟು ದಿನ ಮಕ್ಕಳು ಸ್ಕೂಲ್ ಬಸ್ಸಿನಲ್ಲಿ ನಿಂತುಕೊಂಡು ಹೋದರು, ಜೊತೆಗೆ ನಾನೂ. ಟೈರು ಹಾಕಿಸಿದ ಮರುದಿನ ಬೆಳಿಗ್ಗೆ ಒಂದು ಆಶ್ಚರ್ಯ. ನಮ್ಮವರು ಆರೂವರೆಗೇ ಸ್ನಾನ ಮುಗಿಸಿ ಪಾರ್ಕಿಂಗಿನಲ್ಲಿ ನಿಂತಿದ್ದಾರೆ! ಕೈಯಲ್ಲಿ ಹೊಸ ಹಾಳೆ, ಜೇಬಿನಲ್ಲಿ ಪೆನ್ನು. ‘ರೆಕಾರ್ಡ್ ಸರಿ ಮಾಡ್ಬೇಕು’ ಎಂದರು, ಸ್ವಲ್ಪ ನಾಚಿಕೊಂಡೇ. ನನಗೆ ನಿಜವಾಗಿ ಖುಷಿಯಾಯಿತು. ಮಕ್ಕಳು ಒಬ್ಬೊಬ್ಬರಾಗಿ ಹತ್ತಿದರು. ನಮ್ಮವರು ಪ್ರತಿಯೊಬ್ಬರ ಹೆಸರು ಕೇಳಿದರು, ಬ್ಯಾಗು ಎತ್ತಿ ನೋಡಿ ಅಬ್ಬಾ ಎಂದರು. ನಾನು ಸ್ಟೇರಿಂಗ್ ಹಿಂದೆ ಕೂತು ಕೀ ತಿರುಗಿಸಿದೆ. ಅವರು ಬಾಗಿಲ ಬಳಿ ನಿಂತು ದೊಡ್ಡದಾಗಿ ಎಣಿಸಿ, ಹಾಳೆಯ ಮೇಲೆ ಬರೆದು, ಅಡಿಗೆರೆ ಎಳೆದರು.

‘ಒಟ್ಟು ಏಳು ಜನ. ಕರೆಕ್ಟ್?’

ಹಿಂದಿನಿಂದ ಅದಿತಿ ಕೂಗಿದಳು: ‘ಅಪ್ಪಾ, ಅಮ್ಮನ್ನ ತೋ ಗಿನಾ ಹೀ ನಹೀ! ಎಣಿಸೇ ಇಲ್ಲ!’

ನಾಲ್ಕು ವರ್ಷದಿಂದ ಈ ವ್ಯಾನನ್ನು ಯಾರು ಓಡಿಸುತ್ತಿದ್ದಾರೆ ಅಂದುಕೊಂಡಿದ್ದರಂತೆ ನಮ್ಮವರು?