ಬಂಗಡೆ ರಾಶಿಯ ಮುಂದೆ ಇನ್ಸ್‌ಪೆಕ್ಷನ್

ಕಳೆದ ವಾರ ಕೇಣಿಯ ಹೆಡ್ ಮಾಸ್ತರರಿಗೆ ಪರೀಕ್ಷೆ ನಡೆಯಿತು. ಶಾಲೆಯಲ್ಲಲ್ಲ, ಸಮುದ್ರದ ದಂಡೆಯಲ್ಲಿ. ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಮಾಸ್ತರರು ನಿಂತಿದ್ದರು. ಎದುರಿಗೆ ಬಂಗಡೆ ಮೀನಿನ ರಾಶಿ.

ಮೊದಲಿನಿಂದಲೇ ಹೇಳುತ್ತೇನೆ.

ಅಂಕೋಲೆಯ ನಮ್ಮ ಮನೆಗೆ ಮೀನು ತರುವ ಕೇಣಿಯ ನಾಗಮ್ಮ ಅಂದು ಬುಟ್ಟಿ ಇಳಿಸುವ ಮೊದಲೇ ಶುರುಮಾಡಿದಳು. "ಅಕ್ಕೋರೆ, ನನ್ನ ಮಗಳು ಸೋಮಿ ಮೂರನೇ ಇಯತ್ತೆ ಪಾಸಾಯ್ತು. ತನ್ನ ಹೆಸ್ರು ಓದು ಅಂದ್ರೆ ನನ್ನ ಮುಖ ನೋಡ್ತದೆ ಕೂಸು. ಎಂತಾ ಶಾಲೆ ಇದು?"

(ನಾನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಹುಡುಗಿಯೊಬ್ಬಳು ಬಿ.ಎ. ಮಾಡಿದರೆ ಕೇಣಿಯವರು ಅಕ್ಕೋರು ಎಂದೇ ಕರೆಯುತ್ತಾರೆ.)

ಕಾರಣ ಊರಿಗೆಲ್ಲ ಗೊತ್ತು. ರಾಂಪಣಿ ಬಲೆ ಬಿತ್ತೆಂಬ ಕೂಗು ಕೇಳಿದ್ದೇ ಹೆಡ್ ಮಾಸ್ತರರು ಗಂಟೆ ಬಾರಿಸಿ ಶಾಲೆ ಬಿಡುತ್ತಾರೆ. ಆ ದೊಡ್ಡ ಬಲೆಯನ್ನು ದಡಕ್ಕೆ ಎಳೆಯಲು ಎಷ್ಟು ಕೈಗಳಿದ್ದರೂ ಸಾಲದು. ಹಗ್ಗ ಎಳೆದವರಿಗೆಲ್ಲ ಮೀನಿನಲ್ಲಿ ಪಾಲು, ಮಕ್ಕಳಿಗೆ ಅರ್ಧ ಪಾಲು. ಇದು ದಂಡೆಯ ಪದ್ಧತಿ. ಆದರೆ ಮಕ್ಕಳ ಪಾಲನ್ನು "ಶಾಲೆಯ ಲೆಕ್ಕಕ್ಕೆ" ಎಂದು ಮಾಸ್ತರರು ತಮ್ಮ ಬುಟ್ಟಿಗೇ ತುಂಬಿಸಿಕೊಳ್ಳುತ್ತಾರೆ. (ಶಾಲೆ ಬಂಗಡೆ ತಿನ್ನುತ್ತದೆಯೆ?)

ಪಾಲಕರು ಸುಮ್ಮನೆ ಕೂತಿಲ್ಲ. ಸ್ಕೂಲ್ ಬೋರ್ಡಿನ ಮೆಂಬರರ ಮನೆಗೆ ಹೋಗಿ ದೂರಿದ್ದಾರೆ. "ನೋಡುವಾ" ಎಂದರಂತೆ. ಡೆಪ್ಯುಟಿ ಸಾಹೇಬರು ವರ್ಷಕ್ಕೊಮ್ಮೆ ಇನ್ಸ್‌ಪೆಕ್ಷನ್‌ಗೆ ಬಂದಾಗ ಮಕ್ಕಳು ಬಾಯಿಪಾಠದ ಒಂದೇ ಪಾಠ ಒಪ್ಪಿಸುತ್ತಾರೆ. ಸಾಹೇಬರು ತಲೆದೂಗಿ ಹೋಗುತ್ತಾರೆ.

"ಮಾಸ್ತರ್ರಿಗೆ ನೀವೇ ಬಂದು ಹೇಳಿ" ಎಂದಳು ನಾಗಮ್ಮ. ಅಪರಿಚಿತರೊಡನೆ ಮಾತು ನನಗೆ ಕಷ್ಟ. ಆದರೂ ಹೋದೆ. ಡಿಸಿಪ್ಲಿನ್, ಡ್ಯೂಟಿ ಎಂದೆಲ್ಲ ದಾರಿಯುದ್ದಕ್ಕೂ ಭಾಷಣ ಜೋಡಿಸಿಕೊಂಡೆ.

ಶಾಲೆ ಖಾಲಿ! ಎಲ್ಲರೂ ದಂಡೆಯಲ್ಲಿದ್ದರು. ಬಲೆಯ ಮುಖಂಡ, ಅಂದರೆ ತಾಂಡೇಲ, ಪಾಲು ಹಾಕುತ್ತಿದ್ದ.

"ಬನ್ನಿ ಬಾಯಿಯವರೇ, ತಾಜಾ ಬಂಗಡೆ!" ಎಂದು ಮಾಸ್ತರರು ಎಷ್ಟು ಅಕ್ಕರೆಯಿಂದ ಕರೆದರೆಂದರೆ ನನ್ನ ಭಾಷಣ ಗಂಟಲಲ್ಲೇ ಉಳಿಯಿತು.

ನಾಗಮ್ಮನ ಗಂಟಲಿಗೆ ಅಂಥ ತೊಂದರೆಯಿಲ್ಲ. "ತಾಂಡೇಲಣ್ಣಾ, ತಡಿ. ಎಳೆದವ್ರಿಗೆ ಪಾಲು. ಹೌದೋ ಅಲ್ವೋ?"

"ಹೌದೇ ಮಾರಾಯ್ತಿ."

"ಮಾಸ್ತರ್ರು ಎಳೀಬೇಕಾದ್ದು ಈ ಮಕ್ಕಳ್ನ, ಓದಿನ ದಡಕ್ಕೆ. ಎಳೆದಾರೋ ಇಲ್ವೋ ನೋಡುವ. ಸೋಮಿ, ಪುಸ್ತಕ ತೆಗಿ. ಬಾಯಿಪಾಠದ್ದಲ್ಲ, ನಡುವಿಂದು."

ತಾಂಡೇಲನಿಗೂ ಹುರುಪು ಬಂತು. ಒಂದು ತಪ್ಪಿಗೆ ಒಂದು ಬಂಗಡೆ ಮಾಸ್ತರರ ಬುಟ್ಟಿಯಿಂದ ಮಕ್ಕಳ ಬುಟ್ಟಿಗೆ ಎಂದು ಸಾರಿಬಿಟ್ಟ.

ಸೋಮಿ ತೊದಲಿದಳು. ಟಪ್. ಮತ್ತೆ ತೊದಲಿದಳು. ಟಪ್. ಮಾಸ್ತರರು ಪಿಸುಗುಟ್ಟತೊಡಗಿದರು.

"ಹೇಳಿಕೊಟ್ರೆ ಎರಡು!" ಎಂದ ತಾಂಡೇಲ. ದಂಡೆಯೆಲ್ಲ ನಗು.

ಸ್ವಲ್ಪ ಹೊತ್ತಿಗೆ ಸೋಮಿಗೆ ಆಟ ತಿಳಿಯಿತು. ಆಮೇಲೆ ತನಗೆ ಗೊತ್ತಿದ್ದ ಅಕ್ಷರಕ್ಕೂ ತೊದಲಿದಳೆಂದು ನನ್ನ ಅನುಮಾನ. ಪುಟ ಮುಗಿಯುವಾಗ ಮಾಸ್ತರರ ಬುಟ್ಟಿಯ ತಳ ಕಾಣುತ್ತಿತ್ತು. ಪ್ರತಿ ಬಲೆಗೂ ಹೀಗೇ ಎಂದು ಅಲ್ಲೇ ತೀರ್ಮಾನವಾಯಿತು.

ನಿನ್ನೆ ನಾಗಮ್ಮ ಮತ್ತೆ ಬಂದಿದ್ದಳು. ಮೊನ್ನೆ ಬಲೆ ಬಿದ್ದರೂ ಗಂಟೆ ಬಾರಿಸಲಿಲ್ಲವಂತೆ. ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಕಾಗುಣಿತ ತಿದ್ದಿಸುತ್ತಿದ್ದರಂತೆ. ಸೋಮಿ ಮನೆಯಂಗಳದ ಮರಳಲ್ಲಿ ತನ್ನ ಹೆಸರು ಬರೆದು, ಅದರ ಕೆಳಗೆ ಅವ್ವನ ಹೆಸರನ್ನೂ ಬರೆದಳಂತೆ. "ಅದರ ಮೇಲೆ ಯಾರನ್ನೂ ಕಾಲಿಡಲಿಕ್ಕೆ ಬಿಡ್ಲಿಲ್ಲ ನಾನು" ಎಂದಳು ನಾಗಮ್ಮ.

ಹೋಗುವಾಗ ಇನ್ನೊಂದು ಸುದ್ದಿಯನ್ನೂ ಹೇಳಿದಳು. ಬೋರ್ಡಿನ ಮೆಂಬರರಿಗೆ ಮಾಸ್ತರರ ಮೇಲೆ ಬಹಳ ಸಿಟ್ಟಂತೆ, ಬೇರೆ ಊರಿಗೆ ವರ್ಗ ಮಾಡಿಸುತ್ತೇನೆ ಎನ್ನುತ್ತಿದ್ದಾರಂತೆ. ಮಾಸ್ತರರ ಬುಟ್ಟಿಯಿಂದ ಮೆಂಬರರ ಮನೆಗೆ ವರ್ಷಗಟ್ಟಲೆ ತಪ್ಪದೆ ಬರುತ್ತಿದ್ದ ಬಂಗಡೆ ನಿಂತುಹೋಗಿದೆಯಂತೆ!

ಈ ಮೆಂಬರರಿಗೆ ಯಾವ ಪುಟ ಓದಿಸೋಣ?