ಪೂಜೆಗೆ ಕೂತ ಹುಣಸೆ ದಿಮ್ಮಿ

ಗ್ರೀಸಿನ ಮೇಲೆ ಕುಂಕುಮ ಬಿದ್ದರೆ ಎಂಥ ವಾಸನೆ ಬರುತ್ತದೆ ಗೊತ್ತೇ? ಮನೆಯಲ್ಲಿ ಹಳೇ ಕಾರಿಲ್ಲದವರಿಗೆ ಗೊತ್ತಿರಲಾರದು ಬಿಡಿ. ಈ ಸಲದ ಆಯುಧಪೂಜೆಯ ಬೆಳಿಗ್ಗೆ, ನಂಜನಗೂಡಿನ ನಮ್ಮ ಮನೆಯಂಗಳದಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಬ್ಬಕ್ಕೆಂದು ಚಿಕ್ಕಯ್ಯನಛತ್ರದಿಂದ ಬಂದಿದ್ದ ಅಣ್ಣನ ದನಿಯೂ ಬಂತು.

“ಅರವತ್ತೆರಡಾಯ್ತು ನಿಂಗೆ. ರಿಟೈರಾದ ಟೀಚರಮ್ಮ ಕಾರಿನಡಿ ನುಗ್ಗಿದ್ರೆ ನೋಡ್ದೋರು ಏನಂದಾರು? ಗುಜರಿಗೆ ಹಾಕು ಕಣವ್ವ ಅಂದ್ರೆ ಕೇಳಾಕಿಲ್ಲ.”

“ನೋಡ್ಬೇಕಂದ್ರೆ ಬಗ್ಬೇಕು ಕಣಣ್ಣ. ಅಷ್ಟು ಗಟ್ಟಿ ಸೊಂಟ ಈ ಬೀದೀಲಿ ಯಾರಿಗೈತೆ?” ಅಂದೆ.

ಗುಜರಿಯಂತೆ ಗುಜರಿ! ಸೈಲೆನ್ಸರಿನ ಕ್ಲಾಂಪು ಸಡಿಲವಾಗಿ ಲಟಲಟ ಅನ್ನುತ್ತಿತ್ತು, ಅಷ್ಟೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಪೈಕಿ ನಾನಲ್ಲ.

ಈ ಅಂಬಾಸಡರ್ ನಮ್ಮ ಸೋದರಮಾವನದು. ಟಿ. ನರಸೀಪುರದಲ್ಲಿ ಬಾಡಿಗೆಗೆ ಓಡಿಸುತ್ತಿದ್ದ. ಕಣ್ಣು ಮಂಜಾದಾಗ ಕೀಲಿಕೈಯನ್ನು ಅಣ್ಣನಿಗೆ ಕೊಡದೆ ನನಗೆ ಕೊಟ್ಟ. ಅದರ ಜೊತೆಗೆ ಎರಡು ಹುಣಸೆ ದಿಮ್ಮಿ. ಮಟನ್ ಅಂಗಡಿಯಲ್ಲಿ ಮಚ್ಚಿನ ಏಟು ತಿನ್ನುವ ದಿಮ್ಮಿ ನೋಡಿದ್ದೀರಲ್ಲ, ಅದೇ ಜಾತಿ. “ಮಚ್ಚಿಗೇ ಸೀಳ್ದೆ ಇರೋದು ಕಾರಿಗೆ ಸೀಳ್ತದಾ?” ಅನ್ನುತ್ತಿದ್ದ ಮಾವ.

ಅವನ ಪಾಠ ಇಷ್ಟೇ: “ಜ್ಯಾಕು ಇರೋದು ಎತ್ತಾಕೆ, ದಿಮ್ಮಿ ಇರೋದು ತಡ್ಯಾಕೆ. ಜ್ಯಾಕು ನಂಬ್ಕೊಂಡು ಅಡೀಗೋದೋನು ಕೆಟ್ಟ. ಮೊದ್ಲು ಸ್ಟೆಪ್ನಿ ಚಕ್ರ ಒಳಕ್ಕೋಗ್ಲಿ, ಆಮೇಲೆ ನೀನೋಗು.” ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರು ಕೂತಿರಬೇಕು. ಸುಖದ ಏರ್ಪಾಡು ಮಾತ್ರ ನನ್ನದೇ: ಗೋಣಿಚೀಲದ ಮೇಲೆ ಹಳೇ ಜಮಖಾನ, ತಲೆಗೆ ಮಡಿಸಿದ ಸೀರೆ, ತುಕ್ಕು ಕಣ್ಣಿಗೆ ಬೀಳದಂತೆ ಕನ್ನಡಕ, ಕಾಲಿಗೆ ನಮ್ಮ ಯಜಮಾನರ ಹಳೇ ಪ್ಯಾಂಟು. ಆ ಪ್ಯಾಂಟು ನೋಡಿಯೇ ಅಣ್ಣನಿಗೆ ಅರ್ಧ ಜೀವ ಹೋಗುತ್ತದೆ. ಇಷ್ಟೆಲ್ಲ ಅಚ್ಚುಕಟ್ಟಾಗಿ ಮಲಗಿದ ಮೇಲೆ ನನಗೆ ನೆನಪಾಗುವುದು, ಸ್ಪ್ಯಾನರನ್ನು ಹೊರಗೇ ಬಿಟ್ಟು ಬಂದದ್ದು!

ಇಪ್ಪತ್ತೈದು ವರ್ಷದ ಹಿಂದೆಯೂ ಇದೇ ಹಬ್ಬ. ಅಣ್ಣ ದಿಮ್ಮಿಗಳನ್ನು ತೊಳೆದು, ವಿಭೂತಿ ಬಳಿದು, ಕುಡುಗೋಲು ಮಚ್ಚುಗಳ ಸಾಲಿನಲ್ಲಿ ಜಗಲಿಯ ಮೇಲೆ ಪೂಜೆಗಿಟ್ಟಿದ್ದ. ಅಷ್ಟರಲ್ಲಿ ಕಾರಿನಿಂದ ಆಯಿಲ್ ತೊಟ್ಟಿಕ್ಕುವುದು ಕಂಡಿತು. ದಿಮ್ಮಿ ಎತ್ತಲು ಹೋದೆ. “ಪೂಜೆಗೆ ಕೂತಿರೋದ್ನ ನಾಳೆಗಂಟ ಮುಟ್ಬಾರ್ದು, ಅಪಚಾರ!” ಅಂದ. ನನ್ನ ಬುದ್ಧಿಗೆ ಯಾವ ಮಂಕು ಕವಿದಿತ್ತೋ, ಒಪ್ಪಿಬಿಟ್ಟೆ. ನಾಲ್ಕು ಇಟ್ಟಿಗೆ ಪೇರಿಸಿದೆ, ಅಭ್ಯಾಸಬಲದಿಂದ ಸ್ಟೆಪ್ನಿಯನ್ನೂ ತಳ್ಳಿದೆ, ನುಗ್ಗಿದೆ. ಜ್ಯಾಕು ಜಾರಿತು. ಇಟ್ಟಿಗೆ ಪುಡಿಯಾಯಿತು. ಕಾರು ದಡಾರನೆ ಸ್ಟೆಪ್ನಿಯ ಮೇಲೆ ಕೂತಿತು. ನನ್ನ ಎದೆಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ. ಕಿರುಚಿದ್ದು ನಾನಲ್ಲ, ಅಣ್ಣ.

ಸುದ್ದಿ ಕೇಳಿ ಮಾವ ಸಿಕ್ಕಿದ ಬಸ್ಸು ಹತ್ತಿ ಬಂದ. ಇಟ್ಟಿಗೆಯ ಪುಡಿಯನ್ನು ಕಾಲಲ್ಲಿ ಕೆದಕಿ ಅಣ್ಣನಿಗೆ ಹೇಳಿದ: “ದಿಮ್ಮಿಗೆ ಪೂಜೆ ಯಾಕ್ಲಾ? ಕಾರು ತಡೀತದೆ ಅಂತ ತಾನೆ? ಕಾರಿನಡೀಲೇ ಕುಂಕ್ಮ ಇಟ್ರೆ ದೇವ್ರು ಬಗ್ಗಿ ಬರಾಕಿಲ್ವಾ?” ಆಮೇಲೆ ನನ್ನತ್ತ ತಿರುಗಿ, “ಎದ್ರುಕೊಂಡಿದ್ರೆ ಈಗ್ಲೇ ಕೀಲಿಕೈ ವಾಪಸ್ ಕೊಡು” ಅಂದ. ನಾನು ಕೊಡಲಿಲ್ಲ.

ಗುಜರಿಯ ಮಾತು ಶುರುವಾದದ್ದು ಅವತ್ತಿನಿಂದಲೇ. ನನ್ನ ವಯಸ್ಸು, ಬೀದಿಯ ಮಾತು, ಎಲ್ಲ ನೆಪ. ಅವತ್ತಿನ “ಅಪಚಾರ” ಇವತ್ತಿಗೂ ಅಣ್ಣನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅವನ ಮೇಲೆ ನನಗೆ ಕೋಪವಿಲ್ಲ, ಅಯ್ಯೋ ಅನ್ನಿಸುತ್ತದೆ. ಹಾಗಂತ ಅವನ ಭಯಕ್ಕೆ ನನ್ನ ಕಾರನ್ನು ಬಲಿ ಕೊಡಲೇ? ಆಗದ ಮಾತು.

ಈ ಸಲ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನು ದಿಮ್ಮಿ, ಸ್ಪ್ಯಾನರುಗಳನ್ನೆಲ್ಲ ಜಗಲಿಗೆ ಏರಿಸಿ ಪೂಜೆ ಮಾಡಿಬಿಟ್ಟಿದ್ದ. ಚಕ್ರಕ್ಕೆ ಕಲ್ಲು ಕೊಟ್ಟೆ, ಕಾರು ಎತ್ತಿದೆ, ಸ್ಟೆಪ್ನಿ ತಳ್ಳಿದೆ. ಸೀದಾ ಜಗಲಿಗೆ ನಡೆದೆ.

“ದಿಮ್ಮಿ ಎತ್ಕೊತೀನಿ ಕಣಣ್ಣ.”

“ಮುಟ್ಬೇಡ” ಅಂದ.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಎಪ್ಪತ್ತರ ಮುದುಕ ತಾನೇ ದಿಮ್ಮಿಯನ್ನು ಹೂವಿನ ಸಮೇತ ಎತ್ತಿಕೊಂಡ. ಮಂಡಿಯೂರಿ ಕಾರಿನಡಿಗೆ ತಳ್ಳಿದ. ಎರಡನೆಯದನ್ನೂ ಇಟ್ಟ. ಜ್ಯಾಕು ಇಳಿಸಿ, ಭಾರ ದಿಮ್ಮಿಯ ಮೇಲೆ ಕೂತಿತೆಂದು ಖಾತ್ರಿಯಾಗುವವರೆಗೆ ಕಾರನ್ನು ಅಲ್ಲಾಡಿಸಿ ನೋಡಿದ, ಥೇಟ್ ಮಾವನ ಹಾಗೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

“ಒಳಕ್ಕೋಗು. ಇಲ್ಲೇ ಇರ್ತೀನಿ.”

ಹೋದೆ. ಮಲಗಿದೆ. ಕನ್ನಡಕದ ಮೇಲೆ ಕುಂಕುಮ ಉದುರಿತು.

“ಅಣ್ಣಾ!”

“ಏನವ್ವಾ! ಏನಾಯ್ತು?” ಕುರ್ಚಿ ಉರುಳಿದ ಸದ್ದು.

“ಏನಿಲ್ಲ. ಸ್ಪ್ಯಾನರ್ ಮರ್ತೆ.”

ಬೈಯುತ್ತಾನೆಂದು ಕಾದೆ. ಜಗಲಿಯತ್ತ ಅವನ ಹೆಜ್ಜೆ ಹೋಯಿತು, ಬಂತು. ಕೈಯೊಂದು ಕಾರಿನಡಿಗೆ ಚಾಚಿ, ವಿಭೂತಿ ಇನ್ನೂ ಹಸಿಯಾಗಿದ್ದ ಸ್ಪ್ಯಾನರನ್ನು ನನ್ನ ಅಂಗೈಗೆ ಇಟ್ಟಿತು.