ಗುಂಡಿ ಚೀಲ, ಲಾಡಿ ಚೀಲ

ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಟೈಲರಮ್ಮನ ಕೈ ಅಳತೆ ತಪ್ಪಿದ್ದಿಲ್ಲ. ಮನಸ್ಸು ಮಾತ್ರ ಎರಡು ಸಲ ಅಳತೆ ಮೀರಿ ಅವಳನ್ನು ಆಸ್ಪತ್ರೆಗೆ ಸೇರಿಸಿತ್ತು. ಮೂರು ವರ್ಷದಿಂದ ಮಾತ್ರೆ ನುಂಗುತ್ತ ನೆಟ್ಟಗಿದ್ದಳು. ಈಗ ಅವಳಿಗೊಂದು ಮಗು ಬೇಕಿತ್ತು. ಕೇಳುವುದು ಹೇಗೆ? ಮನೋರೋಗದ ಡಾಕ್ಟರು ನಿದ್ದೆ ವಿಚಾರಿಸುತ್ತಿದ್ದರು, ಹಸಿವು ವಿಚಾರಿಸುತ್ತಿದ್ದರು. ಮಗುವಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಎತ್ತಿದ್ದು ಹೊಸದಾಗಿ ಬಂದ ಸಿಸ್ಟರು.

"ಮಗು ಬೇಕಾ, ಬೇಡ್ವಾ? ಈಗ್ಲಾ, ಆಮೇಲಾ?"

"ಇವಳಿಗ್ಯಾಕಮ್ಮ ಮಗು? ಇವಳನ್ನ ನೋಡ್ಕೊಳ್ಳೋದೇ ಸಾಕಾಗಿದೆ," ಜೊತೆಗೆ ಬಂದಿದ್ದ ಅತ್ತೆ ನಡುವೆ ಬಾಯಿ ಹಾಕಿದರು.

"ಹೆರೋದು ನೀವೇನಮ್ಮಾ?"

ಸಿಸ್ಟರು ಮತ್ತೆ ಸೊಸೆಯತ್ತ ತಿರುಗಿದರು. "ಬೇಕು," ಎಂದಳು ಟೈಲರಮ್ಮ, ಮೆಲ್ಲಗೆ.

ಅವಳು ನುಂಗುತ್ತಿದ್ದ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಆಗಿಬರುವುದಿಲ್ಲವೆಂದು ಡಾಕ್ಟರು ಬೇರೆಯದನ್ನು ಬರೆದರು. ಅದು ಮೈಗೆ ಒಗ್ಗುವವರೆಗೆ ಬಸಿರು ತಡೆಯಲು ಇನ್ನೊಂದು. ಅದಲುಬದಲಾದರೆ ಗತಿಯೇನು? ಟೈಲರಮ್ಮ ಎರಡು ಚೀಲ ಹೊಲಿದಳು: ಮನಸ್ಸಿನ ಮಾತ್ರೆಗೆ ಗುಂಡಿ ಚೀಲ, ಬಸಿರು ತಡೆಯುವುದಕ್ಕೆ ಲಾಡಿ ಚೀಲ. ಸಿಸ್ಟರಿಗೂ ತೋರಿಸಿ ಶಭಾಷ್ ಅನ್ನಿಸಿಕೊಂಡಳು.

ಎಂಟು ತಿಂಗಳಾದ ಮೇಲೆ ಡಾಕ್ಟರು, "ಚೆನ್ನಾಗಿದ್ದೀಯ. ಇನ್ನು ಆ ಮಾತ್ರೆ ನಿಲ್ಲಿಸಮ್ಮ," ಅಂದರು.

ಮನೆಗೆ ಬಂದದ್ದೇ ಅತ್ತೆ ಗುಂಡಿ ಚೀಲವನ್ನು ಬೀರುವಿನ ಮೇಲಿಟ್ಟರು. "ಹೊಟ್ಟೇಲಿ ಕೂಸು ಬರೋವಾಗ ತಲೆ ಮಾತ್ರೆ ಯಾಕೆ? ಡಾಕ್ಟ್ರೇ ಹೇಳಿದ್ರಲ್ಲ!" ಟೈಲರಮ್ಮನಿಗೂ ಹೌದೆನ್ನಿಸಿತು.

ನಾಲ್ಕು ದಿನದಲ್ಲಿ ನಿದ್ದೆ ಹಾರಿತು, ಮಾತು ಓಡತೊಡಗಿತು. ಐದನೆಯ ದಿನ ಬೆಳಿಗ್ಗೆ ನೋಡಿದರೆ ಪಕ್ಕದ ಮನೆಯವರ ಅಂಗಿಗೆ ಮೂರು ತೋಳು! ಅಂಗಿಯನ್ನೂ ಅತ್ತೆಯನ್ನೂ ಎಳೆದುಕೊಂಡು ಟೈಲರಮ್ಮ ಆಸ್ಪತ್ರೆಗೆ ಓಡಿದಳು.

ಸಿಸ್ಟರು ತಲೆ ಚಚ್ಚಿಕೊಂಡರು. "ಅಯ್ಯೋ ತಾಯಿ! ಲಾಡಿ ಬಿಡು ಅಂದ್ರೆ ಗುಂಡಿ ಬಿಟ್ಟಿದ್ದೀಯಲ್ಲೇ!"

ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮಾತ್ರ ಮುಖ ಮುಚ್ಚಿಕೊಂಡರು.

ಡಾಕ್ಟರು ಅಂದೇ ಗುಂಡಿ ಚೀಲವನ್ನು ಮತ್ತೆ ಶುರುಮಾಡಿಸಿದರು. ನಿದ್ದೆ ಹಿಂತಿರುಗಿದ ಮೇಲೆಯೇ ಲಾಡಿ ಚೀಲಕ್ಕೆ ರಜೆ ಕೊಟ್ಟರು. ಅಂದಿನಿಂದ ದಿನವೂ ಅತ್ತೆಯದೇ ಕೂಗು: "ಗುಂಡಿ ಆಯ್ತೇನೇ?" ಬಸುರಿನಲ್ಲೂ ಬಾಣಂತನದಲ್ಲೂ ಆ ಕೂಗು ತಪ್ಪಲಿಲ್ಲ.

ಈಗ ಮೊಮ್ಮಗಳು ಅತ್ತೆಯ ತೊಡೆಯ ಮೇಲಿದ್ದಾಳೆ, ತಲೆಗೆ ಆ ಮೂರನೆಯ ತೋಳಿನದೇ ಟೋಪಿ. ಮೊನ್ನೆ ಸಿಸ್ಟರು ಬೇಕೆಂದೇ ಅತ್ತೆಯತ್ತ ತಿರುಗಿ, "ಇನ್ನೊಂದು ಬೇಕಾ, ಬೇಡ್ವಾ?" ಎಂದರು.

"ನನ್ನನ್ಯಾಕೆ ಕೇಳ್ತೀರಿ?" ಅತ್ತೆ ಸೊಸೆಯತ್ತ ಗದ್ದ ಎತ್ತಿದರು. "ಹೆರೋದು ನಾನಾ?"